ಬಳ್ಳಾರಿಯ ಅಚ್ಚುಕೂಟವನ್ನು ಮರೆತವರು
(ದರೋಜಿಯಲ್ಲಿ ಸೇರಿದ ಪಕ್ಷದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಕಾಲುವೆ ನೀರಿನ ಮಾತು ಬಿಟ್ಟು ಈತ ಪಾದ್ರಿಗಳ ಮಾತನ್ನೇಕೆ ತೆಗೆದ ಎಂದು ನಿಮಗೆ ಅನ್ನಿಸಬಹುದು. ನಾನು ಮತಪ್ರಚಾರಕ್ಕೆ ನಿಂತವನಲ್ಲ. ನೀವು ವಾರವಾರವೂ ಕೈಯಲ್ಲಿ ಹಿಡಿಯುವ ಪತ್ರಿಕೆಯ ವಂಶಾವಳಿಯನ್ನು ಹೇಳಲು ನಿಂತಿದ್ದೇನೆ.

ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನವೆಂದು ಹಾರ ತುರಾಯಿ ನಡೆಯುತ್ತದೆ. 1843ರ ಆ ದಿನ ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಭಾಷಣಕಾರರು ಅಲ್ಲಿಗೇ ಕೂತುಬಿಡುತ್ತಾರೆ. ಮರುವರ್ಷ ಆ ಪತ್ರಿಕೆ ಎಲ್ಲಿಗೆ ಹೋಯಿತು? ನಮ್ಮ ಬಳ್ಳಾರಿಗೆ! ಮಂಗಳೂರಿನಲ್ಲಿ ಇದ್ದದ್ದು ಕಲ್ಲಚ್ಚು. ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಒತ್ತಬೇಕು. ಬಳ್ಳಾರಿಯ ಲಂಡನ್ ಮಿಷನ್ನಿನವರ ಅಚ್ಚುಕೂಟದಲ್ಲಿ ಸೀಸದ ಕನ್ನಡ ಮೊಳೆಗಳಿದ್ದವು. 1844ರಲ್ಲಿ ಇಲ್ಲಿ ಅಚ್ಚಾಗತೊಡಗಿದಾಗ ಅದರ ಹೆಸರು 'ಕನ್ನಡ ಸಮಾಚಾರ' ಎಂದಾಯಿತು. ಬಹುಕಾಲ ಬಾಳಲಿಲ್ಲ, ನಿಜ. ಆದರೆ ಊರಿನ ಹೆಸರು ಕಳಚಿ ಭಾಷೆಯ ಹೆಸರು ತೊಟ್ಟದ್ದು ಬಳ್ಳಾರಿಯಲ್ಲಿ.

ಈ ಮಿಷನ್ ಅಂದು ನಿನ್ನೆಯದಾಗಿರಲಿಲ್ಲ. ನಿಜಾಮನು 1800ರಲ್ಲಿ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಹತ್ತು ವರ್ಷಕ್ಕೆ, 1810ರಲ್ಲಿ, ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕಿಟೆಲ್ಲರ ನಿಘಂಟು ಬಂದದ್ದು 1894ರಲ್ಲಿ. ಕಿಟೆಲ್ಲರಿಗೆ ಬೆಂಗಳೂರಿನಲ್ಲಿ ಪ್ರತಿಮೆಯಿದೆ, ಇರಲಿ, ಅವರು ಅದಕ್ಕೆ ತಕ್ಕವರೇ. ಬಳ್ಳಾರಿಯ ರೀವ್ ಯಾರೆಂದು ಬಳ್ಳಾರಿಯ ಹುಡುಗನನ್ನು ಕೇಳಿ ನೋಡಿ.

ಇವರು ಬಂದದ್ದು ಮತಾಂತರಕ್ಕೆ; ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಕಂಪನಿಯ ಆಳಿಕೆಯ ನೆರಳಿನಲ್ಲೇ ಬಂದರು, ಅದನ್ನೂ ಹೇಳೋಣ. ಆದರೆ ಹ್ಯಾಂಡ್ಸ್ ತಾಯಿಯ ಹೊಟ್ಟೆಯಿಂದಲೇ ಕನ್ನಡ ಕಲಿತು ಬಂದನೇ? ಕಲಿಸಿದ ಮುನ್ಷಿಗಳು ಈ ನೆಲದವರು. ಪುಸ್ತಕದ ಮುಖದ ಮೇಲೆ ಪಾದ್ರಿಯ ಹೆಸರು ಬಂತು. ಮೊಳೆ ಜೋಡಿಸಿದವನ, ಶಾಯಿ ಬಳಿದವನ ಹೆಸರು ಬರಲಿಲ್ಲ. ಹಜಾರದ ಕಂಬ ಕೆತ್ತಿದವನ ಗತಿ ಹಂಪಿಯಲ್ಲೂ ಅಷ್ಟೇ ಆಯಿತೆಂಬುದು ನಿಮಗೆ ಗೊತ್ತು.

ಈ ಊರಿನವರಿಗೆ ಅಚ್ಚಿನ ಬೆಲೆಯನ್ನು ನಾನು ಹೇಳಬೇಕಿಲ್ಲ. ದರೋಜಿ ಈರಮ್ಮನವರಿಗೆ ಅಕ್ಷರ ಬಾರದು, ಬುರ್ರಕಥೆಗಳೆಲ್ಲ ಕಂಠದಲ್ಲಿದ್ದವು. 2014ರಲ್ಲಿ ಅವರು ತೀರಿಕೊಂಡರು. ಬರೆದು ಅಚ್ಚು ಹಾಕಿಸಿದಷ್ಟು ಉಳಿಯಿತು.

ಈಗ ಪ್ರವಾಸಿಗಳ ವಿಚಾರ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಸಂತೋಷ. ಹೊಸಪೇಟೆಯಲ್ಲಿ ಇಳಿದವನಿಗೆ ಹಂಪಿ, ತುಂಗಭದ್ರೆಯ ಅಣೆಕಟ್ಟು, ನಮ್ಮ ಕರಡಿಧಾಮ ತೋರಿಸುತ್ತಾರೆ. ಬಳ್ಳಾರಿಯಲ್ಲಿ ಇಳಿದವನಿಗೆ ಕೋಟೆ ಗುಡ್ಡ. ಅಚ್ಚುಕೂಟದ ಒಂದು ಸಾಲನ್ನು ನಾನು ಯಾವ ಕರಪತ್ರದಲ್ಲೂ ಕಂಡಿಲ್ಲ. ಅಚ್ಚುಕೂಟದಲ್ಲಿ ನೋಡುವುದೇನಿದೆ ಎನ್ನುವವರಿಗೆ ಒಂದು ಮಾತು: ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ ಪ್ಲಾಂಟಿನ್ ಮನೆತನದ ಹಳೆಯ ಮುದ್ರಣಾಲಯವಿದೆ. 2005ರಲ್ಲಿ ಅದು ಹಂಪಿಯಿರುವ ಅದೇ ಪಟ್ಟಿಗೆ ಸೇರಿತು. ಜನ ಹಣ ಕೊಟ್ಟು ಒಳಗೆ ಹೋಗಿ ಮೊಳೆ, ಯಂತ್ರಗಳನ್ನು ನೋಡುತ್ತಾರೆ.

2021ರಲ್ಲಿ ಜಿಲ್ಲೆ ಒಡೆದು ಹಂಪಿ ವಿಜಯನಗರಕ್ಕೆ ಹೋಯಿತು. ಬಳ್ಳಾರಿಗೆ ಪ್ರವಾಸಿ ಬರಲಿಲ್ಲವೆಂದು ಖಾನಾವಳಿಯವರು, ಅಂಗಡಿಯವರು ಗೊಣಗುತ್ತಾರೆ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲು ಇದೇ ದರೋಜಿಯ ಮೇಲೆಯೇ ಹಾದು ಹೋಗುತ್ತದೆ. ಅದರಲ್ಲಿ ಕುಳಿತವನಿಗೆ ಬಳ್ಳಾರಿಯಲ್ಲಿ ಇಳಿಯಲು ಒಂದು ಕಾರಣ ಕೊಡಿ ಎನ್ನುವುದಷ್ಟೇ ನಮ್ಮ ಕೇಳಿಕೆ.

ಆದ್ದರಿಂದ ಠರಾವಿನಲ್ಲಿ ಮೂರು ಬೇಡಿಕೆ ಬರೆದಿದ್ದೇನೆ. ಮಿಷನ್ನಿನ ಹಳೆಯ ಕಟ್ಟಡಗಳನ್ನೂ ಗೋರಿಗಳನ್ನೂ ಪ್ರಾಚ್ಯವಸ್ತು ಇಲಾಖೆ ಪಟ್ಟಿಮಾಡಲಿ. 'ಕನ್ನಡ ಸಮಾಚಾರ' ಬಳ್ಳಾರಿಯಲ್ಲಿ ಅಚ್ಚಾಯಿತೆಂಬ ಫಲಕ ರೈಲು ನಿಲ್ದಾಣದಲ್ಲಿ ಏಳಲಿ. ಮುಂದಿನ ಜುಲೈ 1ರ ಸಭೆ ಬಳ್ಳಾರಿಯಲ್ಲಿ ಸೇರಲಿ, ಅಂದು ವೇದಿಕೆಯ ಮೇಲೆ ಮಂತ್ರಿಗಳ ಪಕ್ಕದಲ್ಲಿ ಒಬ್ಬ ಹಳೆಯ ಮೊಳೆ ಜೋಡಿಸುವವನಿಗೂ ಕುರ್ಚಿ ಇರಲಿ. ಕರಡು ಪ್ರತಿ ಮೇಜಿನ ಮೇಲಿದೆ. ಪಾಳಿಗೆ ಹೋಗಬೇಕಾದವರು ಮೊದಲು ಸಹಿ ಮಾಡಿ.