ರೇಸ್ ಕಾರಿನ ಚೌಕಟ್ಟಿಗೆ ಯಾವ ಪೈಪು?
(ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ರೇಸ್ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಎಸ್‌ಎಇ ಸ್ಪರ್ಧೆ ಅಮೆರಿಕದಲ್ಲಿ 1981ರಲ್ಲಿ ಆರಂಭವಾಯಿತು. ಅದೇ ಮಾದರಿಯ ಸುಪ್ರಾ ಸ್ಪರ್ಧೆ ನಮ್ಮ ದೇಶದಲ್ಲಿ 2011ರಲ್ಲಿ ಶುರುವಾಯಿತು. ನಾಳೆ ನೀವೂ ಇಂಥದೊಂದು ತಂಡ ಸೇರಬಹುದು. ಆಗ ಮೊದಲು ಎದುರಾಗುವ ಪ್ರಶ್ನೆ, ಚೌಕಟ್ಟಿಗೆ ಯಾವ ಉಕ್ಕಿನ ಪೈಪು ತರಬೇಕು ಎಂಬುದು.

"ಕ್ರೋಮೋಲಿಯೇ ಬೇಕು" ಎನ್ನುವವರು ತಂಡದಲ್ಲಿ ಒಬ್ಬರಾದರೂ ಇರುತ್ತಾರೆ. 4130 ಎಂಬ ಈ ಮಿಶ್ರ ಉಕ್ಕು ಸಾದಾ ಉಕ್ಕಿಗಿಂತ ಬಲಶಾಲಿ ಎಂಬುದು ನಿಜ. ಆದರೆ ಬಲ ಬೇರೆ, ಬಿಗಿತ ಬೇರೆ. ಬಿಗಿತದ ಅಳತೆಯಾದ ಯಂಗ್ಸ್ ಮಾಡ್ಯುಲಸ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 200 ಗಿಗಾಪಾಸ್ಕಲ್. ದುಬಾರಿ ಉಕ್ಕು ತಂದರೂ ಪೈಪಿನ ಕನಿಷ್ಠ ದಪ್ಪದಲ್ಲಿ ಫಾರ್ಮುಲಾ ಎಸ್‌ಎಇ ನಿಯಮ ರಿಯಾಯಿತಿ ಕೊಡುವುದಿಲ್ಲ. ಬೆಸುಗೆಯ ಬಿಸಿಗೆ ಉಕ್ಕಿನ ಬಲ ಕುಗ್ಗುವುದರಿಂದ, ಅಲ್ಲಿ 305 ಮೆಗಾಪಾಸ್ಕಲ್ ಬದಲು 180 ಮಾತ್ರ ಲೆಕ್ಕ ಹಿಡಿಯಬೇಕು ಎನ್ನುತ್ತದೆ.

ಹಾಗಾದರೆ ಬಿಗಿತ ಎಲ್ಲಿಂದ ಬರುತ್ತದೆ? ಪೈಪಿನ ಅಳತೆಯಿಂದ. 25 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪದ ಪೈಪು ಮೀಟರಿಗೆ ಸುಮಾರು 1.39 ಕಿಲೋ ತೂಗುತ್ತದೆ. 30 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ್ದು 1.38 ಕಿಲೋ. ತೂಕ ಒಂದೇ ಎನ್ನಬಹುದು, ಆದರೆ ಎರಡನೆಯದರ ಬಿಗಿತ ಒಂದೂವರೆ ಪಟ್ಟು. ಹಾಗೆಂದು ದಪ್ಪ ಇಳಿಸುತ್ತಲೇ ಹೋಗಬೇಡಿ. ತೀರಾ ತೆಳುವಾದರೆ ವೆಲ್ಡಿಂಗ್‌ನಲ್ಲಿ ತೂತು ಬೀಳುತ್ತದೆ, ಸಣ್ಣ ಪೆಟ್ಟಿಗೂ ನೆಗ್ಗುತ್ತದೆ.

ಇನ್ನೊಂದು ಮಾತು. ಕೈಯಲ್ಲಿ ದುಡ್ಡು ಕಡಿಮೆಯಿದ್ದಾಗ ಗುಜರಿ ಅಂಗಡಿಯ ಪೈಪು ಕಣ್ಣಿಗೆ ಬೀಳುತ್ತದೆ. ಚಾಲಕನ ತಲೆಯ ಮೇಲಿನ ಕಮಾನಿನಲ್ಲಿ 4.5 ಮಿ.ಮೀ. ತೂತು ಕೊರೆಸಿ ಪರೀಕ್ಷಕರು ದಪ್ಪ ಅಳೆಯುತ್ತಾರೆ. ಆದರೆ ಅದು ಎಂಥ ಉಕ್ಕು ಎಂಬುದನ್ನು ಆ ತೂತು ಹೇಳಲಾರದು. ಅದನ್ನು ಹೇಳುವುದು ತಯಾರಕರ ಪರೀಕ್ಷಾ ಪ್ರಮಾಣಪತ್ರ. ಒಂದು ಪೈಪಿನ ಪತ್ರ ತೋರಿಸಿ ಇನ್ನೊಂದು ಪೈಪು ಬೆಸೆದರೆ ಪರೀಕ್ಷಕರಿಗೆ ತಿಳಿಯದಿರಬಹುದು. ಅಲ್ಲಾಹನಿಗೆ ತಿಳಿಯದೆ?

ಕಾರು ಮಗುಚಿದಾಗ ಆ ಕಮಾನಿನ ಕೆಳಗೆ ಕುಳಿತಿರುವುದು ನಿಮ್ಮದೇ ಗೆಳೆಯ. ಆತನ ಜೀವ ನಿಮ್ಮ ಕೈಯಲ್ಲಿರುವ ಅಮಾನತ್. ಕ್ರೋಮೋಲಿಗೆ ಸುರಿಯುವ ಹಣ ಉಳಿಸಿ, ಪ್ರಮಾಣಪತ್ರವಿರುವ ಸಾದಾ ಉಕ್ಕಿನ ಪೈಪು ಕೊಳ್ಳಿ. ಉಳಿದ ಹಣದಲ್ಲಿ ನುರಿತ ವೆಲ್ಡರ್‌ಗೆ ನ್ಯಾಯವಾದ ಕೂಲಿ ಕೊಡಿ.

ಅಲ್ಲಾಹನು ನಿಮ್ಮ ಜ್ಞಾನದಲ್ಲಿ ಬರಕತ್ ನೀಡಲಿ. ವಸ್ಸಲಾಮ್.