ಮೋಟಾರು ಗುಂಯ್ ಅನ್ನುತ್ತೆ, ಓಡಲ್ಲ



ಸಿಂಗಲ್ ಫೇಸ್ ಮೋಟಾರಿನ ಹಿಟ್ಟಿನ ಗಿರಣಿ ನಡೆಸುವ ಸಂಘಗಳಲ್ಲಿ ಈ ದೂರು ಸಾಮಾನ್ಯ. ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಎನ್ನುತ್ತದೆ, ನಿಧಾನಕ್ಕೆ ಏಳುತ್ತದೆ, ಒಮ್ಮೊಮ್ಮೆ ಏಳುವುದೇ ಇಲ್ಲ. ಕೂಡಲೇ ಯಾರಾದರೂ "ಕಾಯಿಲ್ ಹೋಗಿದೆ, ರೀವೈಂಡಿಂಗ್ ಮಾಡಿಸಿ" ಅಂತಾರೆ. ಸಂಘದ ಉಳಿತಾಯ ಕರಗೋದು ಹೀಗೇನೇ. ಸುಟ್ಟ ವಾಸನೆ ಇಲ್ಲದಿದ್ದರೆ ಸ್ವಲ್ಪ ತಾಳಿ. ಮೊದಲು ಬೆಲ್ಟ್ ಬಿಚ್ಚಿ ನೋಡೋಣ.

ಪ್ಲಗ್ ಕಿತ್ತು, ಬೆಲ್ಟ್ ತೆಗೆದು, ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದು ಕರಕರ ಎಂದರೆ ಬೇರಿಂಗ್ ನೋಡಿಸಬೇಕು. ಹಗುರವಾಗಿ ತಿರುಗಿದರೆ ದೂರ ನಿಂತು ಸ್ವಿಚ್ ಹಾಕಿ. ಥಟ್ಟನೆ ಓಡಿತೇ? ಹಾಗಾದರೆ ಭಾರ ಹೆಚ್ಚಾಗಿರಬಹುದು: ಬೆಲ್ಟ್ ಅತಿ ಬಿಗಿ, ಕಲ್ಲಿನ ನಡುವೆ ಉಳಿದ ಕಾಳು, ಒಣಗಿದ ಗ್ರೀಸ್. ಇಲ್ಲವೇ ಕರೆಂಟು ಸಾಲುತ್ತಿಲ್ಲ. 230 ವೋಲ್ಟ್ ಬರುವ ಕಡೆ 180 ಬಂದರೆ ಮೋಟಾರು ಏಳುವ ಶಕ್ತಿ ನೂರಕ್ಕೆ ಅರವತ್ತಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿ ಓಡಿ ಸಂಜೆ ಮಾತ್ರ ಎಳೆದಾಡುತ್ತಿದ್ದರೆ ಇದೇ ಕಾರಣ ಇದ್ದೀತು. ತೆಳುವಾದ, ಉದ್ದನೆ ವೈರು ಎಳೆದಿದ್ದರೂ ಹೀಗೇ ಆಗುತ್ತೆ.

ಬೆಲ್ಟ್ ಇಲ್ಲದೆಯೂ ಗುಂಯ್ ಎಂದರೆ ಅನುಮಾನ ಕಂಡೆನ್ಸರ್ ಮೇಲೆ. ಜೋಕಾಲಿಗೆ ಮೊದಲ ಸಲ ದೂಡಬೇಕಲ್ಲ, ಈ ಮೋಟಾರಿಗೆ ಆ ಕೆಲಸ ಮಾಡೋದು ಕಂಡೆನ್ಸರ್. ಮುಕ್ಕಾಲು ವೇಗ ಬಂದಾಗ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಅದನ್ನು ಬಿಡಿಸುತ್ತದೆ. ಆ ಸ್ವಿಚ್ಚಿಗೆ ಹಿಟ್ಟಿನ ಧೂಳು ಕೂತರೆ ಸಿಕ್ಕಿಕೊಳ್ಳುತ್ತದೆ. ಈ ಸ್ವಿಚ್ ಇರುವ ಮೋಟಾರು ನಿಲ್ಲುವ ಮುಂಚೆ ಸಾಮಾನ್ಯವಾಗಿ 'ಟಕ್' ಅನ್ನುತ್ತೆ, ಕಿವಿಗೊಟ್ಟು ಕೇಳಿ. ಕಂಡೆನ್ಸರ್ ಉಬ್ಬಿದ್ದರೆ, ಸೋರಿದ್ದರೆ ಬದಲಿಸಲೇಬೇಕು. ಆದರೆ ನೀವು ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಎಲೆಕ್ಟ್ರಿಷಿಯನ್ ಬಿಚ್ಚಿ ಕೊಟ್ಟ ಹಳೆಯದನ್ನೇ ಅಂಗಡಿಗೆ ಒಯ್ದು, ಅದೇ ಮೈಕ್ರೋಫ್ಯಾರಡ್, ಅದೇ ವೋಲ್ಟಿನದು ತನ್ನಿ. ರೀವೈಂಡಿಂಗ್ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಕೆಲವರು ಸ್ವಿಚ್ ಹಾಕಿ ಬೆಲ್ಟನ್ನು ಕೈಯಿಂದ ಎಳೆದು ಮೋಟಾರು ಎಬ್ಬಿಸುತ್ತಾರೆ. ಬೇಡವೇ ಬೇಡ. ಅದು ಎದ್ದ ಕ್ಷಣ ಸೆರಗು, ಜಡೆ, ಬೆರಳು ಯಾವುದನ್ನೂ ಬಿಡೋದಿಲ್ಲ. ಗುಂಯ್ ಅನ್ನುತ್ತಾ ನಿಂತ ಮೋಟಾರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮೂರು ಎಣಿಸುವಷ್ಟರಲ್ಲಿ ಆಫ್ ಮಾಡದಿದ್ದರೆ ಚೆನ್ನಾಗಿದ್ದ ಕಾಯಿಲ್ ಸಹ ಸುಡಬಹುದು.

ರಿಪೇರಿಯವರು ಬಂದಾಗ "ಬೆಲ್ಟ್ ತೆಗೆದರೂ ಏಳಲ್ಲ", "ಟಕ್ ಶಬ್ದ ಇಲ್ಲ" ಎಂದು ನೋಡಿದ್ದನ್ನು ಹೇಳಿ. ಕಾಯಿಲೇ ಹೋಗಿದೆ ಅಂದರೆ ಮೀಟರ್ ಇಟ್ಟು ತೋರಿಸಲು ಕೇಳಿ. ಬಿಲ್ಲನ್ನು ಸಂಘದ ಪುಸ್ತಕಕ್ಕೆ ಅಂಟಿಸಿಡಿ.