ರೆಕ್ಕೆ ಬಡಿತದ ಬೆನ್ನು ಹತ್ತಿ

ಇರುವೆಯ ಚಿತ್ರ ಬರೆಯಲು ಬ್ರಾಂದಿ ಬೇಕಾಯಿತೆಂದರೆ ನಗು ಬರಬಹುದು. ಆದರೆ ಇದು ನಡೆದ ಸಂಗತಿ. 1665ರಲ್ಲಿ ‘ಮೈಕ್ರೋಗ್ರಾಫಿಯಾ’ ಗ್ರಂಥವನ್ನು ಹೊರತಂದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್‌ನ ಸೂಕ್ಷ್ಮದರ್ಶಕದ ಕೆಳಗೆ ಇರುವೆ ನಿಲ್ಲಲೇ ಇಲ್ಲ. ಕಾಲುಗಳನ್ನು ಮೇಣದಿಂದ ಅಂಟಿಸಿದರೆ ಮೈ ತಿರುಚಿತು. ಕೊಂದರೆ ಪುಟ್ಟ ದೇಹದ ಆಕಾರವೇ ಕೆಟ್ಟಿತು. ಕೊನೆಗೆ ಅದನ್ನು ಮದ್ಯದಲ್ಲಿ ಮುಳುಗಿಸಿದ. ಅಮಲೇರಿ ಬಿದ್ದ ಇರುವೆಯನ್ನು ಹುಕ್ ಸಾವಧಾನವಾಗಿ ನೋಡಿದ. ಸುಮಾರು ಒಂದು ಗಂಟೆಯ ಬಳಿಕ ಅದು ಎಚ್ಚೆತ್ತು ಓಡಿಹೋಯಿತು.

ಮುಂದೆ ಕ್ಯಾಮೆರಾ ಹಿಡಿದವರೆಲ್ಲ ಎದುರಿಸಿದ ತೊಡಕು ಈ ಪ್ರಸಂಗದಲ್ಲೇ ಅಡಗಿದೆ. ಹತ್ತಿರದಿಂದ ನೋಡಬೇಕಾದರೆ ಕೀಟ ಅಲುಗಬಾರದು. ಅಲುಗದ ಕೀಟ ತನ್ನ ಬದುಕಿನ ಗುಟ್ಟನ್ನು ಬಿಟ್ಟುಕೊಡದು.

ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್-ಜೂಲ್ ಮಾರೇ ಕೀಟಗಳ ಹಾರಾಟವನ್ನು ಅಳೆಯಲು ಹೊರಟಾಗ ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಮಸಿ ಹಿಡಿಸಿದ ಕಾಗದವನ್ನು ತಿರುಗುವ ಉರುಳೆಗೆ ಸುತ್ತಿ, ಹಿಡಿದಿಟ್ಟ ಕೀಟದ ರೆಕ್ಕೆಯ ತುದಿ ಅದನ್ನು ಸವರುವಂತೆ ಮಾಡಿದ. ಮಸಿಯ ಮೇಲೆ ಮೂಡಿದ ಗೆರೆಗಳನ್ನು ಎಣಿಸಿದ. ಅವನ ಲೆಕ್ಕದಲ್ಲಿ ಬಿಳಿ ಚಿಟ್ಟೆ ಸೆಕೆಂಡಿಗೆ 9 ಸಲ, ಕೊಡತಿ ಹುಳು 28 ಸಲ, ಜೇನ್ನೊಣ 190 ಸಲ, ನೊಣ 330 ಸಲ ರೆಕ್ಕೆ ಬಡಿದವು. ಕಣಜದ ರೆಕ್ಕೆಯ ತುದಿಗೆ ಚಿನ್ನದ ರೇಕಿನ ಚೂರು ಅಂಟಿಸಿ ಬಿಸಿಲಿಗೆ ಹಿಡಿದಾಗ, ರೆಕ್ಕೆಯ ದಾರಿ ಇಂಗ್ಲಿಷಿನ 8ರ ಅಂಕಿಯಂತೆ ಹೊಳೆಯಿತು.

ಇಂಥ ವೇಗವನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭವಲ್ಲ. ವಸ್ತುವಿನ ಹತ್ತಿರ ಹೋದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕಿರಿದಾಗುತ್ತದೆ. ನೊಣದ ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು. ಆಳ ಹೆಚ್ಚಿಸಲು ಮಸೂರದ ಕಿಂಡಿಯನ್ನು ಕಿರಿದಾಗಿಸಿದರೆ ಬೆಳಕು ಸಾಲದು. ಬೆಳಕಿಗಾಗಿ ಹೆಚ್ಚು ಹೊತ್ತು ತೆರೆದಿಟ್ಟರೆ ಕೀಟವೇ ಕದಲುತ್ತದೆ. ಸೆಕೆಂಡಿಗೆ 200 ಸಲ ಬಡಿಯುವ ರೆಕ್ಕೆ, ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲೇ ಒಂದು ಬಡಿತದ ಐದನೇ ಒಂದು ಪಾಲನ್ನು ಮುಗಿಸಿರುತ್ತದೆ. ಹೀಗಾಗಿ ಬೇಕಾದದ್ದು ಪ್ರಖರವಾದ, ಆದರೆ ಅತಿ ಅಲ್ಪಾಯುವಾದ ಬೆಳಕು.

ಅಂಥ ಬೆಳಕನ್ನು ವಿದ್ಯುತ್ ಕಿಡಿಯಲ್ಲಿ ಕಂಡುಕೊಂಡವನು ಮಾರೇಯ ಸಹಾಯಕ, ಡಬ್ಲಿನ್‌ನಲ್ಲಿ ಹುಟ್ಟಿದ ಲೂಸಿಯನ್ ಬುಲ್. 1904ರಲ್ಲಿ, ಗುರು ತೀರಿಕೊಂಡ ವರ್ಷವೇ, ಪ್ಯಾರಿಸ್‌ನಲ್ಲಿ ಬುಲ್ ತಿರುಗುವ ಉರುಳೆಗೆ ಫಿಲ್ಮ್ ಸುತ್ತಿ, ಒಂದರ ಹಿಂದೊಂದು ಕಿಡಿ ಹಾರಿಸಿ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚಿನ ವೇಗದಲ್ಲಿ ಚಿತ್ರ ತೆಗೆದ. ಆದರೆ ಆ ಫಿಲ್ಮ್ ಕ್ಷಣಾರ್ಧದಲ್ಲಿ ತೀರಿಹೋಗುತ್ತಿತ್ತು. ನೊಣ ಹಾರಿದ್ದನ್ನು ಕಣ್ಣು ಕಂಡು, ಕೈ ಗುಂಡಿ ಒತ್ತುವಷ್ಟರಲ್ಲಿ ನೊಣ ಚೌಕಟ್ಟಿನಾಚೆ ಇರುತ್ತಿತ್ತು. ಬುಲ್ ಆ ಕೆಲಸವನ್ನು ನೊಣಕ್ಕೇ ಒಪ್ಪಿಸಿದ! ಕೀಟ ಹಾರಿದ ಚಲನೆಯಿಂದಲೇ ಕ್ಯಾಮೆರಾ ತೆರೆದುಕೊಳ್ಳುವಂತೆ ಯಂತ್ರವನ್ನು ಹೂಡಿದ. ಮನುಷ್ಯ ತನ್ನ ಕೈ ನಿಧಾನವೆಂದು ಒಪ್ಪಿಕೊಂಡಾಗಲೇ ಹಾರಾಟ ಚಿತ್ರಕ್ಕೆ ಸಿಕ್ಕಿತು.

ಇದೇ ತತ್ವವನ್ನು ಮುಂದಕ್ಕೊಯ್ದವನು ಇಂಗ್ಲೆಂಡಿನ ಸ್ಟೀಫನ್ ಡಾಲ್ಟನ್. 1970ರ ದಶಕದ ಆರಂಭದಲ್ಲಿ ಕೀಟವು ಬೆಳಕಿನ ಕಿರಣವನ್ನು ದಾಟಿದೊಡನೆ ಕ್ಯಾಮೆರಾ ತೆರೆದು, ಸೆಕೆಂಡಿನ ಇಪ್ಪತ್ತೈದು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ಫ್ಲಾಶ್ ಬೆಳಗುವ ವ್ಯವಸ್ಥೆಯನ್ನು ರೂಪಿಸಿದ. ಸ್ವಚ್ಛಂದವಾಗಿ ಹಾರುವ ಕೀಟಗಳು ವರ್ಣದಲ್ಲಿ, ರೆಕ್ಕೆಯ ನರನರವೂ ಕಾಣುವಂತೆ ಮೂಡಿದವು. 1975ರಲ್ಲಿ ಅವು ‘ಬಾರ್ನ್ ಆನ್ ದಿ ವಿಂಡ್’ ಎಂಬ ಪುಸ್ತಕವಾದವು.

ಇಂದಿಗೂ ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ ಚಿತ್ರ ತೆಗೆಯುವವರುಂಟು. ಹುಕ್‌ನ ಬ್ರಾಂದಿಯ ಜಾಗಕ್ಕೆ ಮಂಜು ಬಂದಿದೆ, ಅಷ್ಟೇ. ಅಂಥ ಚಿತ್ರದಲ್ಲಿ ಕೂದಲುಗಳನ್ನು ಎಣಿಸಬಹುದು. ಆದರೆ ಕೀಟ ಹೇಗೆ ಕೂರುತ್ತದೆ, ಹೇಗೆ ನೆಗೆಯುತ್ತದೆ ಎಂಬುದು ತಿಳಿಯದು. ಕಾದು ತೆಗೆದ ಚಿತ್ರವೇ ನಿಜವಾದ ದಾಖಲೆ.

1977ರಲ್ಲಿ ವಾಯೇಜರ್ ನೌಕೆಗಳು ಭೂಮಿಯ ಪರಿಚಯ ಹೊತ್ತ ಚಿನ್ನದ ಲೇಪದ ತಟ್ಟೆಗಳೊಂದಿಗೆ ಹೊರಟವು. ಅದರಲ್ಲಿನ ಚಿತ್ರಗಳ ನಡುವೆ ಡಾಲ್ಟನ್ ತೆಗೆದ, ಹೂವಿನ ಬಳಿ ಹಾರುತ್ತಿರುವ ಕೀಟವೂ ಒಂದು. ಹುಕ್‌ಗೆ ಅಮಲೇರಿಸದೆ ಒಲಿಯದ ಪುಟ್ಟ ಜೀವ, ರೆಕ್ಕೆ ಬಿಚ್ಚಿದ ಭಂಗಿಯಲ್ಲೇ ನಕ್ಷತ್ರಗಳ ನಡುವೆ ಸಾಗಿದೆ.